ಎರಡು ಇನಿಷಿಯಲ್, ಒಂದು ಲಕ್ಷ ನಲವತ್ತು ಸಾವಿರ ಪಾಯಿಂಟ್ಸ್: ನನ್ನ ಕಾರ್ಡ್ ಬ್ಯಾಂಕಿಗೊಂದು ಬಹಿರಂಗ ಪತ್ರ

ನನಗೆ ಕ್ರೆಡಿಟ್ ಕಾರ್ಡ್ ಕೊಟ್ಟ ಬ್ಯಾಂಕಿನ ರಿವಾರ್ಡ್ಸ್ ವಿಭಾಗದ ಮುಖ್ಯಸ್ಥರಿಗೆ, ಬಳ್ಳಾರಿಯಿಂದ ನಮಸ್ಕಾರ.

ನಿಮ್ಮ ಬ್ಯಾಂಕಿನ ಹೆಸರು ಇಲ್ಲಿ ಬರೆಯುತ್ತಿಲ್ಲ. ನಿಮ್ಮ ಮರ್ಯಾದೆ ತೆಗೆಯಬೇಕು ಅನ್ನೋ ಹಟ ನನಗಿಲ್ಲ. ನನ್ನ ದೂರು ಕಾರ್ಡಿನ ಪಾಯಿಂಟ್ಸನ್ನು ವಿಮಾನದ ಮೈಲ್ಸ್ ಮಾಡೋಕೆ ಹೋಗಿ ನಷ್ಟವಾದದ್ದರ ಬಗ್ಗೆ. ಅದರ ನಂಬರು ನಿಮ್ಮ ಹತ್ತಿರ ಇದ್ದೇ ಇದೆ, ಒಂದಲ್ಲ, ಮೂರು ಇವೆ. ಆದರೆ ಆರು ಸಲ ಫೋನ್ ಮಾಡಿ, ನಾಲ್ಕು ಮೇಲ್ ಬರೆದು, ಒಂದು ಮಧ್ಯಾಹ್ನ ರಜೆ ಹಾಕಿ ಇಲ್ಲಿನ ಶಾಖೆಗೂ ಹೋಗಿ ಬಂದ ಮೇಲೆ, ಇನ್ನು ಎಲ್ಲರೂ ಓದುವ ಕಡೆ ಬರೆಯೋದೇ ಸರಿ ಅನ್ನಿಸಿತು. ಶಾಖೆಯ ಮ್ಯಾನೇಜರು ಒಳ್ಳೆಯವರು, ಚಹಾ ತರಿಸಿದರು. "ಕಾರ್ಡ್ ವಿಭಾಗನೇ ಬೇರೆ ಸಾರ್, ನಮ್ಮ ಕಂಪ್ಯೂಟರಲ್ಲಿ ನಿಮ್ಮ ಪಾಯಿಂಟ್ಸ್ ಕಾಣೋದೇ ಇಲ್ಲ" ಅಂದರು. ಚಹಾ ಕುಡಿದು ಬಂದೆ.

ನನ್ನ ಕೆಲಸ ತೋರಣಗಲ್ಲಿನ ಕಡೆ ಒಂದು ಕಾರ್ಖಾನೆಯಲ್ಲಿ, ಮನೆ ಬಳ್ಳಾರಿ. ತೋರಣಗಲ್ಲಿನಲ್ಲಿ ಒಂದು ಪುಟ್ಟ ವಿಮಾನ ನಿಲ್ದಾಣ ಇದೆ, ನಿಮಗೆ ಗೊತ್ತಿರಲಿಕ್ಕಿಲ್ಲ. 2017ರಲ್ಲಿ, ಸಣ್ಣ ಊರುಗಳಿಗೂ ವಿಮಾನ ತರೋ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಲ್ಲಿ, ಅಲ್ಲಿಂದ ಹೈದರಾಬಾದಿಗೆ ವಿಮಾನ ಶುರುವಾದಾಗ ನಾವೆಲ್ಲ ಊಟದ ಡಬ್ಬಿ ಮುಚ್ಚಿಟ್ಟು ಹೊರಗೆ ಬಂದು ನೋಡಿದ್ದೆವು. ಅದನ್ನು ಹಾರಿಸುತ್ತಿದ್ದ ಕಂಪನಿ ಆಮೇಲೆ ನಿಂತೇ ಹೋಯಿತು, ಅದು ಬೇರೆ ಮಾತು. ಹೇಳಬೇಕಾದ್ದು ಏನಂದರೆ, ವಿಮಾನ ಅನ್ನೋದು ನಮಗೆ ತಲೆ ಮೇಲೆ ಹೋಗೋ ವಸ್ತು. ನಮ್ಮ ಅವ್ವ ಅರವತ್ತಾರು ವರ್ಷ ಅದನ್ನು ಕೆಳಗಿಂದಲೇ ನೋಡಿದವಳು.

ನಾಲ್ಕು ವರ್ಷದ ಹಿಂದೆ ನಿಮ್ಮ ಹುಡುಗ ನಮ್ಮ ಕ್ಯಾಂಟೀನ್ ಹತ್ತಿರ ಮೇಜು ಹಾಕಿಕೊಂಡು ಕೂತು ಕಾರ್ಡ್ ಮಾರುತ್ತಿದ್ದ. "ಖರ್ಚು ಹೇಗೂ ಮಾಡ್ತೀರಿ ಸಾರ್, ಪಾಯಿಂಟ್ಸ್ ಸುಮ್ನೆ ಬರ್ತವೆ, ಎರಡು ಪಾಯಿಂಟಿಗೆ ಒಂದು ಏರ್‌ಲೈನ್ ಮೈಲು, ಫ್ಯಾಮಿಲಿ ಜೊತೆ ಫ್ರೀ ವಿಮಾನ" ಅಂದ. ಮೈಲು ಅಂದರೆ ವಿಮಾನ ಕಂಪನಿಯ ಸ್ವಂತ ಪಾಯಿಂಟು, ಅದನ್ನು ಕೊಟ್ಟು ಟಿಕೆಟ್ ತೆಗೆಯಬಹುದು. ಹುಡುಗನ ಆ ಮಾತಿಗೆ ನಾನು ಸೈನ್ ಹಾಕಿದೆ. ವರ್ಷಕ್ಕೆ ಶುಲ್ಕ ಕಟ್ಟಿದೆ, ಒಂದು ದಿನವೂ ಬಾಕಿ ಉಳಿಸಲಿಲ್ಲ. ಬಾಕಿ ಉಳಿಸಿದರೆ ತಿಂಗಳಿಗೆ ನೂರಕ್ಕೆ ಮೂರಕ್ಕಿಂತ ಜಾಸ್ತಿ ಬಡ್ಡಿ ಬೀಳುತ್ತೆ, ಅದರ ಮುಂದೆ ಯಾವ ಪಾಯಿಂಟೂ ಲೆಕ್ಕಕ್ಕಿಲ್ಲ ಅಂತ ನನಗೆ ಗೊತ್ತಿತ್ತು.

ಪಾಯಿಂಟ್ಸ್ ಸುಮ್ನೆ ಬರೋದಿಲ್ಲ ಅಂತ ಮಾತ್ರ ಆಮೇಲೆ ಗೊತ್ತಾಯಿತು. ಪೆಟ್ರೋಲ್ ಹಾಕಿಸಿದರೆ ಇಲ್ಲ. ಬಾಡಿಗೆ ಕಟ್ಟಿದರೆ ಇಲ್ಲ. ವ್ಯಾಲೆಟ್ಟಿಗೆ ದುಡ್ಡು ಹಾಕಿದರೆ ಇಲ್ಲ. ವಿಮೆ, ಕರೆಂಟ್ ಬಿಲ್ಲಿಗೆ ಒಂದು ಮಿತಿ, ಅದು ಮೇಲಿಂದ ಮೇಲೆ ಇಳಿಯುತ್ತಾ ಬಂತು. ಉಳಿದದ್ದು ದಿನಸಿ, ಮಗನ ಫೀಸು, ಆಸ್ಪತ್ರೆ. ಮತ್ತೆ ಅಕ್ಕನ ಮಗಳ ಮದುವೆ. ಮದುವೆಯ ಸೀರೆ, ಪಾತ್ರೆ, ಶಾಮಿಯಾನ, ಎಲ್ಲಕ್ಕೂ ಕಾರ್ಡ್ ಉಜ್ಜಿದ್ದು ನಾನು, ಭಾವ ನನ್ನ ಕೈಗೆ ದುಡ್ಡು ಕೊಟ್ಟರು. ಬಳ್ಳಾರಿಯ ಸೀರೆ ಅಂಗಡಿಯವರು ಕಾರ್ಡ್ ನೋಡಿದ ಕೂಡಲೇ "ಎರಡು ಪರ್ಸೆಂಟ್ ಮೇಲೆ ಆಗುತ್ತೆ" ಅಂದರು. ಅವರದೂ ತಪ್ಪಲ್ಲ. ಯುಪಿಐನಲ್ಲಿ ಖಾತೆಯಿಂದ ನೇರ ಕಳಿಸಿದರೆ 2020ರ ಜನವರಿಯಿಂದ ಅಂಗಡಿಯವರಿಗೆ ಶುಲ್ಕವಿಲ್ಲ, ಕ್ರೆಡಿಟ್ ಕಾರ್ಡ್ ಉಜ್ಜಿದರೆ ಅವರ ಲಾಭದಲ್ಲಿ ಒಂದು ತುಂಡು ನಿಮ್ಮ ಕಡೆ ಹೋಗುತ್ತೆ. ಆ ತುಂಡಿನಲ್ಲಿ ಒಂದು ಚೂರನ್ನೇ ನೀವು ನಮಗೆ ಪಾಯಿಂಟ್ಸ್ ಅಂತ ಕೊಡೋದು. ಹಾಗಾಗಿ ಇದನ್ನು ನೀವು ನಮಗೆ ಕೊಟ್ಟ ಇನಾಮು ಅನ್ನಬೇಡಿ ಸಾರ್. ಸೀರೆ ಅಂಗಡಿಯವರ ದುಡ್ಡು, ನನ್ನ ವಾರ್ಷಿಕ ಶುಲ್ಕ, ನಡುವೆ ನೀವು.

ಹೀಗೆ ನಾಲ್ಕು ವರ್ಷಕ್ಕೆ 1,40,000 ಪಾಯಿಂಟ್ಸ್ ಆದವು. ಮನೆಯಲ್ಲಿ ಹೆಂಡತಿ ಅದಕ್ಕೆ "ನಿಮ್ಮ ಹುಂಡಿ" ಅಂತ ಹೆಸರಿಟ್ಟಿದ್ದಳು.

ತಂಗಿ ದುಬೈನಲ್ಲಿದ್ದಾಳೆ. ಚೊಚ್ಚಲ ಬಸುರಿ. ಹೆರಿಗೆಗೆ ಊರಿಗೆ ಬರೋಕೆ ಆಗೋದಿಲ್ಲ ಅಂತ ಗೊತ್ತಾದಾಗ ಅವ್ವನೇ ಅಲ್ಲಿಗೆ ಹೋಗಿ ಬಾಣಂತನ ಮಾಡೋದು ಅಂತ ತೀರ್ಮಾನವಾಯಿತು. ಅವ್ವನನ್ನು ಒಬ್ಬಳನ್ನೇ ಕಳಿಸೋಕೆ ನನಗೆ ಧೈರ್ಯ ಸಾಲಲಿಲ್ಲ, ನಾನು ಜೊತೆಗೆ ಹೋಗಿ ಬಿಟ್ಟು ಬರಬೇಕು ಅಂದುಕೊಂಡೆ. ಆಗ ಲೆಕ್ಕ ಹಾಕಿದೆ. ದುಡ್ಡು ಕೊಟ್ಟು ತೆಗೆದರೆ ಇಬ್ಬರಿಗೂ ಹೋಗಿ ಬರೋ ಟಿಕೆಟ್ ಆವತ್ತು ಸುಮಾರು 58 ಸಾವಿರ. ಮೈಲ್ಸ್ ಕೊಟ್ಟು ತೆಗೆದರೆ 70 ಸಾವಿರ ಮೈಲ್ಸ್‌ನಲ್ಲಿ ಮುಗಿಯುತ್ತಿತ್ತು, ತೆರಿಗೆ, ಸರ್ಚಾರ್ಜ್ ಅಂತ 11 ಸಾವಿರ ಮಾತ್ರ ಕೈಯಿಂದ. ಅಂದರೆ ಪಾಯಿಂಟ್ಸ್‌ನಿಂದ ಉಳಿಯೋದು 47 ಸಾವಿರ. ಅದೇ ಪಾಯಿಂಟ್ಸನ್ನು ಕಾರ್ಡ್ ಬಿಲ್ಲಿಗೆ ಹೊಂದಿಸಿದ್ದರೆ ಪಾಯಿಂಟಿಗೆ 25 ಪೈಸೆಯಂತೆ 35 ಸಾವಿರ ಸಿಗುತ್ತಿತ್ತು. ಹನ್ನೆರಡು ಸಾವಿರದ ಆಸೆ ಅಂತಲೇ ಇಟ್ಟುಕೊಳ್ಳಿ. ನಮ್ಮಂಥವರಿಗೆ ಅದೇನು ಸಣ್ಣದಲ್ಲ.

ಅಷ್ಟರಲ್ಲಿ ನಿಮ್ಮ ಮೇಲ್ ಬಂತು. 6ನೇ ತಾರೀಖು. ಇಂಗ್ಲಿಷಿನಲ್ಲಿ, "ನಿಮ್ಮ ಅನುಭವವನ್ನು ಇನ್ನೂ ಚೆನ್ನಾಗಿಸಲು" ಅಂತ ಶುರುವಾಗಿ, ನಾಲ್ಕನೇ ಪ್ಯಾರಾದಲ್ಲಿ ಒಂದು ಸಣ್ಣ ಪಟ್ಟಿ. ಮುಂದಿನ ತಿಂಗಳ 1ರಿಂದ ಎರಡಕ್ಕೆ ಒಂದಲ್ಲ, ಮೂರಕ್ಕೆ ಒಂದು. ಬದಲಾವಣೆಗೆ ಇಪ್ಪತ್ತೈದು ದಿನ ಟೈಮು, ಅದರಲ್ಲಿ ನಾನು ಮೇಲ್ ತೆರೆದು ನೋಡಿದ್ದು ಇಪ್ಪತ್ತನೇ ದಿನಕ್ಕೆ, ಅದೂ ನನ್ನ ಮಗ ತೋರಿಸಿದ ಮೇಲೆ. ಬಿಲ್ ಕಟ್ಟಿ ಅಂತ ದಿನಕ್ಕೆರಡು ಮೆಸೇಜ್ ಕಳಿಸೋ ನಿಮಗೆ ಇದಕ್ಕೊಂದು ಮೆಸೇಜ್ ಕಳಿಸೋಕೆ ಏನಾಗಿತ್ತು?

ಓಡಿದೆ ಸಾರ್. 27ನೇ ತಾರೀಖು ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತು ಪಾರ್ಟ್ನರ್ ಪಟ್ಟಿ ತೆರೆದು, ದುಬೈಗೆ ಹೋಗೋ ವಿಮಾನ ಕಂಪನಿ ಆರಿಸಿ, ನನ್ನ ಮೆಂಬರ್ ನಂಬರ್ ಹಾಕಿ, ಒಂದೇ ಸಲಕ್ಕೆ 1,40,000 ಕಳಿಸಿಬಿಟ್ಟೆ. ಓಟಿಪಿ ಬಂತು. ಹಾಕಿದೆ. ಒಂದು ನಿಮಿಷದಲ್ಲಿ ಪಾಯಿಂಟ್ಸ್ ಕಟ್ ಆದವು, ಮೈಲ್ಸ್ 3ರಿಂದ 5 ಕೆಲಸದ ದಿನದಲ್ಲಿ ಸೇರುತ್ತವೆ ಅಂತ ಮೆಸೇಜು. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಇನ್ನೊಂದು ಸಾಲು ಇತ್ತು, ಒಮ್ಮೆ ಕಳಿಸಿದ್ದನ್ನು ವಾಪಸ್ ಪಡೆಯೋಕೆ ಆಗೋದಿಲ್ಲ ಅಂತ. ಅದನ್ನು ಓದಿದ್ದು ಆಮೇಲೆ.

ಐದು ದಿನ ಆಯಿತು. ಎಂಟಾಯಿತು. ಮೈಲ್ಸ್ ಇಲ್ಲ. ನಿಮಗೆ ಫೋನ್ ಮಾಡಿದರೆ ನಾವು ಕಳಿಸಿದ್ದೇವೆ, ವಿಮಾನ ಕಂಪನಿ ಕೇಳಿ ಅಂದಿರಿ. ಅವರನ್ನು ಕೇಳಿದರೆ ನಮಗೆ ಏನೂ ಬಂದಿಲ್ಲ, ಬ್ಯಾಂಕ್ ಕೇಳಿ ಅಂದರು. ಕನ್ನಡಕ್ಕೆ ಒತ್ತಿ ಅಂದ ನಂಬರ್ ಒತ್ತಿದರೆ ಹಿಂದಿ ಮಾತಾಡೋ ಹುಡುಗಿ ಬಂದಳು, ಪಾಪ, ಅವಳಿಗೂ ಏನೂ ಗೊತ್ತಿಲ್ಲ. ಹದಿಮೂರನೇ ದಿನಕ್ಕೆ ನಿಮ್ಮಿಂದ ಒಂದು ಸಾಲಿನ ಉತ್ತರ ಬಂತು. ಕಾರ್ಡಿನಲ್ಲಿರೋ ಹೆಸರಿಗೂ ವಿಮಾನ ಕಂಪನಿಯಲ್ಲಿರೋ ಹೆಸರಿಗೂ ತಾಳೆಯಾಗುತ್ತಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಈ ನಿಯಮ ಬರೆದವರಿಗೆ ನಮ್ಮ ಕಡೆಯ ಹೆಸರುಗಳ ಪರಿಚಯ ಇದ್ದ ಹಾಗಿಲ್ಲ. ನಿಮ್ಮ ಕಾರ್ಡಿನ ಮೇಲೆ ನನ್ನ ಹೆಸರಿಗೆ ಮೊದಲು ಎರಡು ಇನಿಷಿಯಲ್ ಇವೆ, ಟಿ ಮತ್ತು ಎಂ. ಟಿ ಅಂದರೆ ತೆಕ್ಕಲಕೋಟೆ, ತಾತನ ಊರು. ಎಂ ಅಂದರೆ ಅಪ್ಪನ ಹೆಸರು. ಶಾಲೆಯ ಹಾಜರಿ ಪುಸ್ತಕದಿಂದ ರೇಷನ್ ಕಾರ್ಡ್ ತನಕ ನಾನು ಈ ಎರಡು ಅಕ್ಷರದ ಜೊತೆಗೇ ಬೆಳೆದವನು. ಪಾಸ್‌ಪೋರ್ಟಿಗೆ ಹೋದರೆ ಅಲ್ಲಿ ಇನಿಷಿಯಲ್ ನಡೆಯೋದಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಅಲ್ಲಿ ತೆಕ್ಕಲಕೋಟೆ ನನ್ನ ಸರ್‌ನೇಮ್ ಆಯಿತು, ಅಪ್ಪ ನನ್ನ ಹೆಸರಿನ ನಡುವೆ ಬಂದು ನಿಂತರು. ವಿಮಾನ ಕಂಪನಿಯವರು ಪಾಸ್‌ಪೋರ್ಟಿನ ಹೆಸರೇ ಬೇಕು ಅನ್ನುತ್ತಾರೆ, ಅದು ಸರಿ, ಇಲ್ಲವಾದರೆ ಗೇಟಿನಲ್ಲಿ ನಿಲ್ಲಿಸುತ್ತಾರೆ. ನೀವು ಕಾರ್ಡಿನ ಹೆಸರೇ ಬೇಕು ಅನ್ನುತ್ತೀರಿ. ಎರಡೂ ನಾನೇ. ಎರಡೂ ಕಡೆ ಅದೇ ಫೋನ್ ನಂಬರು, ಅದೇ ಹುಟ್ಟಿದ ದಿನ.

ಇದು ನನ್ನೊಬ್ಬನ ಕಥೆ ಅಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ, ಎಲ್ಲಿ ಬೇಕಾದರೂ ಒಂದು ಹಾಜರಿ ಪಟ್ಟಿ ತೆಗೆದು ನೋಡಿ. ವೀರಣ್ಣ ಒಂದು ಕಡೆ ಈರಣ್ಣ ಆಗಿರುತ್ತಾನೆ. ಮಲ್ಲಿಕಾರ್ಜುನನ ಕೊನೆಗೆ ಇಂಗ್ಲಿಷಿನಲ್ಲಿ ಒಂದು ಎ ಇರುತ್ತೆ, ಇಲ್ಲವಾದರೆ ಇರೋದಿಲ್ಲ, ಅದು ಬರೆದ ಗುಮಾಸ್ತರ ಮರ್ಜಿ. ನಮ್ಮ ಅವ್ವನ ಪಾಸ್‌ಪೋರ್ಟಿನಲ್ಲಿ ಇರೋದು ಒಂದೇ ಪದ. ಅದೂ ಒಂದು ತಲೆನೋವಾಗಿತ್ತು. 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಪದದ ಹೆಸರಿನವರಿಗೆ ಪ್ರವಾಸಿ ವೀಸಾ ಮೇಲೆ ಪ್ರವೇಶ ಇಲ್ಲ ಅಂತ ನಿಯಮ ತಂದಿತ್ತು. ಆಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯದೋ ಮನೆತನದ್ದೋ ಹೆಸರಿದ್ದರೆ ನಡೆಯುತ್ತೆ ಅಂತ ಸಡಿಲ ಮಾಡಿದರು. ನೋಡಿ, ಒಂದು ದೇಶ ಒಬ್ಬ ಹಳ್ಳಿ ಹೆಂಗಸಿನ ಹೆಸರಿಗೆ ಪುಟ ತಿರುಗಿಸಿ ನೋಡೋಕೆ ಒಪ್ಪಿತು. ನಿಮ್ಮ ಕಂಪ್ಯೂಟರ್ ಎರಡು ಅಕ್ಷರ ಬಿಡಿಸಿ ನೋಡೋಕೆ ಒಪ್ಪಲಿಲ್ಲ.

ನಾನು ಕೇಳೋದು ಹೆಸರು ನೋಡಬೇಡಿ ಅಂತ ಅಲ್ಲ. ಬೇರೆಯವರ ಪಾಯಿಂಟ್ಸ್ ಕದ್ದು ಕಳಿಸೋ ಕಳ್ಳರು ಇದ್ದಾರೆ, ನೋಡಲೇಬೇಕು. ಆದರೆ ಪಾಯಿಂಟ್ಸ್ ಕಟ್ ಮಾಡೋ ಮುಂಚೆ ನೋಡಿ. ಯುಪಿಐನಲ್ಲಿ ನೂರು ರೂಪಾಯಿ ಕಳಿಸಿದರೂ ಮೊದಲು ಆ ಕಡೆಯವರ ಹೆಸರು ಬರುತ್ತೆ, ಆಮೇಲೆ ಪಿನ್ ಕೇಳುತ್ತೆ. ತರಕಾರಿ ಗಾಡಿಯವರಿಗೂ ಸಿಗೋ ಈ ಸೌಲಭ್ಯ, ಒಂದು ಸಲ ಹೋದರೆ ವಾಪಸ್ ಬಾರದ ನಾಲ್ಕು ವರ್ಷದ ಪಾಯಿಂಟ್ಸ್‌ಗೆ ಯಾಕಿಲ್ಲ?

ಈಗ ಮುಖ್ಯ ವಿಷಯ. ಇಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಹೊಸ ತಿಂಗಳ 19ಕ್ಕೆ, ಅಂದರೆ ಇಪ್ಪತ್ತಮೂರು ದಿನ ಆದ ಮೇಲೆ, ಪಾಯಿಂಟ್ಸ್ ವಾಪಸ್ ಬಂದವು. ಪೂರ್ತಿ 1,40,000. ಒಂದೂ ಕಮ್ಮಿ ಇಲ್ಲ. ಹೆಸರು ಸರಿಪಡಿಸಿಕೊಂಡು ಮತ್ತೆ ಕಳಿಸಿ ಅಂದಿರಿ. ಕಾರ್ಡಿನ ಹೆಸರು ಬದಲಿಸಿಕೊಂಡು ಮತ್ತೆ ಕಳಿಸೋಕೆ ಹೋದರೆ ಪರದೆ ಮೇಲೆ ಬಂದದ್ದು 46,666 ಮೈಲ್ಸ್. ಯಾಕಂದರೆ ಈಗ ಮೂರಕ್ಕೆ ಒಂದು. ನಾನು ಕಳಿಸಿದ್ದು 27ಕ್ಕೆ, ಆವತ್ತು ಎರಡಕ್ಕೆ ಒಂದು. ತಿಂಗಳು ದಾಟುವವರೆಗೆ ಇಟ್ಟುಕೊಂಡವರು ನೀವು. 23 ಸಾವಿರ ಮೈಲ್ಸ್ ಕಳೆದುಕೊಂಡವನು ನಾನು. ಈ ದರಕ್ಕೆ ಕಳಿಸಿದರೆ ನನಗೆ ಉಳಿಯೋದು ಮೂವತ್ತೊಂದು ಸಾವಿರದ ಆಸುಪಾಸು, ಅದಕ್ಕಿಂತ ಬಿಲ್ಲಿಗೆ ಹೊಂದಿಸಿದರೆ ಬರೋ 35 ಸಾವಿರವೇ ವಾಸಿ. ಅಂದರೆ ನೀವು ಮಾರಿದ "ಫ್ರೀ ವಿಮಾನ" ಈಗ ನಷ್ಟದ ಬಾಬ್ತು.

ಹಳೇ ದರವೇ ಕೊಡಿ ಅಂತ ಬರೆದೆ. "ದರ ಬದಲಿಸುವ ಹಕ್ಕು ಬ್ಯಾಂಕಿಗಿದೆ" ಅಂತ ಉತ್ತರ. ಇದೆ, ಯಾರು ಇಲ್ಲ ಅಂದರು? ನನ್ನ ಪ್ರಶ್ನೆ ಅದಲ್ಲವೇ ಅಲ್ಲ. ದರ ಬದಲಾಗೋ ಮುಂಚೆ ನಿಮ್ಮ ಕೈಗೆ ಬಂದ ಕೋರಿಕೆಗೆ ಯಾವ ದರ? ಗಂಜ್‌ನಲ್ಲಿ, ಅಂದರೆ ನಮ್ಮ ಕಡೆಯ ಕೃಷಿ ಮಾರುಕಟ್ಟೆಯಲ್ಲಿ, ರೈತರು ಹತ್ತಿ ತೂಕ ಹಾಕಿಸಿದ ದಿನದ ದರ ಬರೆದು ಕೊಡುತ್ತಾರೆ. ಚೀಲ ಹರಿದಿದೆ ಅಂತ ಇಪ್ಪತ್ತು ದಿನ ಗೋದಾಮಿನಲ್ಲಿ ಇಟ್ಟುಕೊಂಡು, ಆಮೇಲೆ ಚೀಲ ಹೊಲಿಸಿಕೊಂಡು ಬಾ, ಇವತ್ತಿನ ದರ ಕೊಡ್ತೀನಿ ಅಂದರೆ ಆ ದಲಾಲಿಯನ್ನು ಯಾರಾದರೂ ಸುಮ್ನೆ ಬಿಡ್ತಾರಾ?

ಇಲ್ಲಿ ಒಂದು ಮಾತು ರಿಸರ್ವ್ ಬ್ಯಾಂಕಿನವರಿಗೂ. ನಿಮ್ಮ ಕಾರ್ಡ್ ನಿರ್ದೇಶನದಲ್ಲಿ, ಶುಲ್ಕ ಬದಲಿಸಿದರೆ ಕನಿಷ್ಠ ಒಂದು ತಿಂಗಳು ಮುಂಚೆ ತಿಳಿಸಬೇಕು ಅಂತ ಇದೆ. ಕಾರ್ಡಿನ ಷರತ್ತುಗಳು ಸರಳ ಭಾಷೆಯಲ್ಲಿ, ಆದಷ್ಟು ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿ ಇರಬೇಕು ಅಂತಲೂ ಇದೆ. ಒಳ್ಳೆಯ ಮಾತು. ಆದರೆ ಪಾಯಿಂಟ್ಸ್ ದರ ಶುಲ್ಕ ಅಲ್ಲ, ಹಾಗಾಗಿ ಒಂದು ತಿಂಗಳ ನಿಯಮ ಇದಕ್ಕೆ ಬರೋದಿಲ್ಲ ಅಂತ ಈ ಬ್ಯಾಂಕಿನವರು ನನಗೆ ಫೋನಿನಲ್ಲಿ ಪಾಠ ಹೇಳಿದರು. "ಆದಷ್ಟು" ಅನ್ನೋ ಪದ ಇರೋದರಿಂದ ಕನ್ನಡದಲ್ಲಿ ಒಂದು ಸಾಲೂ ಕೊಡಲಿಲ್ಲ. ಕಾರ್ಡ್ ಮಾರುವಾಗ ಪಾಯಿಂಟ್ಸನ್ನೇ ಮುಂದೆ ಇಟ್ಟು ಮಾರುತ್ತಾರೆ, ವರ್ಷಕ್ಕೆ ಶುಲ್ಕ ತೆಗೆದುಕೊಳ್ಳುತ್ತಾರೆ. ಅದರ ಬೆಲೆ ಮೂರನೇ ಒಂದು ಪಾಲು ಇಳಿಸಿದರೆ ಅದೂ ಗ್ರಾಹಕರ ಜೇಬಿನಿಂದಲೇ ಹೋಗೋದು ಅಲ್ವಾ? ಆ "ಆದಷ್ಟು" ಅನ್ನೋದನ್ನು ತೆಗೆದುಹಾಕಿ, ಪಾಯಿಂಟ್ಸ್ ದರವನ್ನೂ ಆ ಒಂದು ತಿಂಗಳ ಪಟ್ಟಿಗೆ ಸೇರಿಸಿ. ನಾನು ಕೇಳೋದು ಇಷ್ಟೇ.

ನಮ್ಮ ಕಡೆಯವರು ಇದನ್ನು ಓದುತ್ತಿದ್ದರೆ, ನಾನು ದುಡ್ಡು ಕೊಟ್ಟು ಕಲಿತದ್ದನ್ನು ಪುಕ್ಕಟೆ ಹೇಳಿಬಿಡ್ತೀನಿ. ಮೊದಲು ಕಾರ್ಡು, ಪಾಸ್‌ಪೋರ್ಟು, ವಿಮಾನ ಕಂಪನಿಯ ಖಾತೆ ಮೂರನ್ನೂ ಪಕ್ಕ ಪಕ್ಕ ಇಟ್ಟು ಹೆಸರು ಅಕ್ಷರ ಅಕ್ಷರ ನೋಡಿ. ಬೇರೆಯಾಗಿದ್ದರೆ ಕಾರ್ಡಿನ ಹೆಸರು ಬದಲಿಸಿಕೊಳ್ಳಿ, ಪಾಸ್‌ಪೋರ್ಟಿನ ಗೋಜಿಗೆ ಹೋಗಬೇಡಿ. ಮೊದಲ ಸಲ ಎಷ್ಟು ಕಮ್ಮಿ ಕಳಿಸೋಕೆ ಆಗುತ್ತೋ ಅಷ್ಟೇ ಕಳಿಸಿ, ಸೇರಿತು ಅಂತ ಖಾತ್ರಿಯಾದ ಮೇಲೆ ಉಳಿದದ್ದು. ನಿಮ್ಮ ತಾರೀಖಿಗೆ ಮೈಲ್ಸ್ ಮೇಲೆ ಕೊಡೋ ಸೀಟು ಇದೆಯಾ ಅಂತ ಕಂಪನಿಯ ಸೈಟಿನಲ್ಲೇ ನೋಡಿಕೊಳ್ಳಿ, ಆ ಸೀಟುಗಳು ತುಂಬಾ ಕಮ್ಮಿ ಇರುತ್ತವೆ, ವಿಮಾನ ಖಾಲಿ ಕಂಡರೂ ಮೈಲ್ಸ್‌ಗೆ ಸೀಟು ಇಲ್ಲ ಅನ್ನಬಹುದು. ಸೀಟು ಕಾಣದೇ ಸುಮ್ನೆ ಕಳಿಸಿ ಇಡೋದು ಬೇಡ. ಮೈಲ್ಸ್‌ಗೂ ಆಯುಸ್ಸು ಇದೆ. ಸಿಂಗಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲ್ಸ್‌ಗೆ ಮೂರು ವರ್ಷ, ಉಳಿದವರದು ಒಬ್ಬೊಬ್ಬರದು ಒಂದೊಂದು ಥರ.

ಕಂಪನಿಗಳಿಗೂ ಆಯುಸ್ಸು ಇದೆ ಅನ್ನೋದು ಇನ್ನೊಂದು. ನಮ್ಮ ಸೆಕ್ಷನ್ನಿನ ಹಿರಿಯರೊಬ್ಬರು ಕಿಂಗ್‌ಫಿಶರ್ ಮೈಲ್ಸ್ ಕೂಡಿಟ್ಟಿದ್ದರು, 2012ರಲ್ಲಿ ಆ ವಿಮಾನಗಳು ನಿಂತವು, ಅವರ ಹತ್ತಿರ ಕಾರ್ಡ್ ಮಾತ್ರ ಉಳಿಯಿತು, ಈಗಲೂ ಪರ್ಸಿನಲ್ಲಿ ಇಟ್ಟುಕೊಂಡಿದ್ದಾರೆ, ಕೇಳಿದರೆ ತೋರಿಸುತ್ತಾರೆ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಾಗ ಮೈಲ್ಸ್ ಬದುಕಿದವು, ಯಾಕಂದರೆ ಆ ಯೋಜನೆ ನಡೆಸುತ್ತಿದ್ದದ್ದು ಬೇರೆ ಕಂಪನಿ, ಅದು ಇಂಟರ್‌ಮೈಲ್ಸ್ ಅಂತ ಹೆಸರು ಬದಲಿಸಿಕೊಂಡಿತು. ವಿಸ್ತಾರಾ 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾದಲ್ಲಿ ಸೇರಿಹೋಯಿತು, ಅದರ ಪಾಯಿಂಟ್ಸ್ ಏರ್ ಇಂಡಿಯಾ ಖಾತೆಗೆ ಹೋದವು. ಕೂಡಿಡೋಕೆ ಇದು ಬಂಗಾರ ಅಲ್ಲ. ನಾನು ನಾಲ್ಕು ವರ್ಷ ಕೂಡಿಟ್ಟದ್ದು ನನ್ನ ದಡ್ಡತನ, ಅದನ್ನು ಬ್ಯಾಂಕಿನ ತಲೆಗೆ ಕಟ್ಟೋದಿಲ್ಲ.

ಮತ್ತೆ, ಬ್ಯಾಂಕಿಗೆ ದೂರು ಕೊಟ್ಟು ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ, ಇಲ್ಲವೇ ಬಂದ ಉತ್ತರ ಸರಿಯಿಲ್ಲ ಅನ್ನಿಸಿದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸೋ ಅಧಿಕಾರಿಯ ಹತ್ತಿರ ಹೋಗಬಹುದು. ಖರ್ಚಿಲ್ಲ, ವಕೀಲರು ಬೇಕಿಲ್ಲ. 14448ಕ್ಕೆ ಫೋನ್ ಮಾಡಿದರೆ ಹೇಗೆ ದೂರು ಕೊಡಬೇಕು ಅಂತ ಹೇಳುತ್ತಾರೆ. ಬ್ಯಾಂಕಿಗೆ ಬರೆದ ಮೇಲ್‌ಗಳನ್ನು ಅಳಿಸಬೇಡಿ, ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ. ನನ್ನ ಪುಣ್ಯಕ್ಕೆ 27ನೇ ತಾರೀಖಿನ ಪರದೆಯ ಫೋಟೋ ನನ್ನ ಹತ್ತಿರ ಇದೆ, ಎರಡಕ್ಕೆ ಒಂದು ಅಂತ ಸ್ಪಷ್ಟವಾಗಿ ಕಾಣುತ್ತೆ.

ಅವ್ವ ಹೋದಳು ಸಾರ್. ಹೆರಿಗೆ ನಿಮ್ಮ ಕೆಲಸದ ದಿನ ಲೆಕ್ಕ ಹಾಕಿಕೊಂಡು ಬರೋದಿಲ್ಲವಲ್ಲ. ಮೈಲ್ಸ್ ಸೀಟು ಯಾವತ್ತೋ ಹೋಗಿತ್ತು. ದುಡ್ಡು ಕೊಟ್ಟು ಅವಳೊಬ್ಬಳಿಗೇ ಟಿಕೆಟ್ ತೆಗೆದೆ, ಎರಡನೇ ಟಿಕೆಟ್ಟಿಗೆ ಕೈ ಸಾಗಲಿಲ್ಲ. ದುಬೈಗೇ ಹೊರಟಿದ್ದ ಗಂಗಾವತಿಯ ಒಂದು ಕುಟುಂಬ ಅದೇ ವಿಮಾನದಲ್ಲಿದೆ ಅಂತ ಪರಿಚಯದವರಿಂದ ಗೊತ್ತಾಗಿ ಅವರ ಜೊತೆ ಮಾಡಿ ಕಳಿಸಿದೆ. ಬಳ್ಳಾರಿಯಿಂದ ಅನಂತಪುರದ ದಾರಿ ಹಿಡಿದರೆ ಬೆಂಗಳೂರಿನ ಒಳಗೆ ಹೋಗೋದೇ ಬೇಡ, ದೇವನಹಳ್ಳಿಯ ವಿಮಾನ ನಿಲ್ದಾಣವೇ ಮೊದಲು ಸಿಗುತ್ತೆ. ಕಾರಿನಲ್ಲಿ ಅವ್ವ ದಾರಿ ಪೂರ್ತಿ ಅಂಟಿನ ಉಂಡೆಯ ಡಬ್ಬಿಯನ್ನು ತೊಡೆ ಮೇಲೆ ಇಟ್ಟುಕೊಂಡಿದ್ದಳು. "ನೀನೂ ಬರ್ತೀನಿ ಅಂದಿದ್ದೆಲ್ಲೋ" ಅಂತ ಬಾಗೇಪಲ್ಲಿ ಹತ್ತಿರ ಒಂದು ಸಲ ಕೇಳಿದಳು. ಪಾಯಿಂಟ್ಸ್, ಇನಿಷಿಯಲ್, ಎರಡಕ್ಕೆ ಒಂದು ಅಂತ ಅವಳಿಗೆ ಹೇಗೆ ಹೇಳೋದು? ರಜೆ ಸಿಗಲಿಲ್ಲ ಅಂತ ಸುಳ್ಳು ಹೇಳಿದೆ.

ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ.

ಅವ್ವನನ್ನು ಕರೆದುಕೊಂಡು ಬರೋಕೆ ಮುಂದಿನ ತಿಂಗಳು ನಾನು ಹೋಗಬೇಕು, ಟಿಕೆಟ್ ಇನ್ನೂ ತೆಗೆದಿಲ್ಲ. 1,40,000 ಪಾಯಿಂಟ್ಸ್ ನಿಮ್ಮ ಹತ್ತಿರವೇ ಇವೆ, ಹೆಸರು ಈಗ ಮೂರೂ ಕಡೆ ಒಂದೇ ಆಗಿದೆ. 27ನೇ ತಾರೀಖಿನ ದರಕ್ಕೆ ಕಳಿಸ್ತೀರೋ ಇಲ್ಲವೋ, ಒಂದು ಸಾಲಿನಲ್ಲಿ ಬರೆದು ತಿಳಿಸಿ. ಕನ್ನಡದಲ್ಲಿ ಬರೆದರೆ ಮನೆಯಲ್ಲಿ ಎಲ್ಲರೂ ಓದುತ್ತೇವೆ.

ಇಂತಿ,
ನಿಮ್ಮ ಕಾರ್ಡುದಾರ, ಬಳ್ಳಾರಿ